ಸ್ವಿಚ್ ಹಾಕುವ ಮುನ್ನ: ಹಳೆಯ ಡಿಸ್ಕ್ ಡ್ರೈವ್‌ಗಳೂ ಅವುಗಳೊಳಗಿನ ದತ್ತಾಂಶವೂ

(ಬೆಂಗಳೂರಿನಲ್ಲಿ ಹಳೆಯ ಕಂಪ್ಯೂಟರ್‌ಗಳ ಹವ್ಯಾಸಿಗಳು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿದ್ದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಪರದೆಯ ಮೇಲೆ ಚಿತ್ರ ತೋರಿಸಿದ ಕಡೆ ಒಂದೆರಡು ಸಾಲಿನ ವಿವರಣೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೆಯ ಹಾರ್ಡ್ ಡಿಸ್ಕ್ ಡ್ರೈವ್ ಒಂದು ನಿಮ್ಮ ಕೈಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲೋ, ಗುಜರಿ ಅಂಗಡಿಯಲ್ಲೋ, ಬಾಗಿಲು ಹಾಕಿದ ಮುದ್ರಣಾಲಯದ ಮೂಲೆಯಲ್ಲೋ. ಮೊದಲು ಏನು ಮಾಡುತ್ತೀರಿ? ಪವರ್ ಕೊಟ್ಟು ನೋಡುತ್ತೀರಿ. ತಿರುಗುತ್ತದಾ, ಕಟಕಟ ಅನ್ನುತ್ತದಾ, ಹೊಗೆ ಬರುತ್ತದಾ. ಕುತೂಹಲ ಸಹಜವೇ. ಆದರೆ ಆ ಒಂದು ಸ್ವಿಚ್ಚಿನಿಂದಲೇ ಎಷ್ಟೋ ಡ್ರೈವ್‌ಗಳ ಕತೆ ಮುಗಿದಿದೆ.

ಇವತ್ತು ನಾನು ಹೇಳಬೇಕಾದ್ದು ಇಷ್ಟೇ. ಡ್ರೈವ್ ರಿಪೇರಿ ಬೇರೆ, ಅದರೊಳಗಿನ ದತ್ತಾಂಶ ಹೊರತೆಗೆಯುವುದು ಬೇರೆ. ಎರಡೂ ಒಂದೇ ಮೇಜಿನ ಮೇಲೆ ನಡೆಯುವುದರಿಂದ ಒಂದೇ ಕೆಲಸ ಅನ್ನಿಸುತ್ತದೆ, ಅಷ್ಟೇ. ರಿಪೇರಿ ಮಾಡುವವನಿಗೆ ಯಂತ್ರ ನೂರು ಸಲ ಆನ್ ಆಗಬೇಕು, ನೂರು ಸಲ ಆಫ್ ಆಗಬೇಕು. ದತ್ತಾಂಶ ಬೇಕಾದವನಿಗೆ ಅದು ಒಂದೇ ಸಲ, ಒಂದರ್ಧ ಗಂಟೆ ನೆಟ್ಟಗೆ ತಿರುಗಿದರೆ ಸಾಕು. ಆಮೇಲೆ ಸುಟ್ಟುಹೋದರೂ ಅಡ್ಡಿಯಿಲ್ಲ. ಈ ಇಬ್ಬರೂ ಒಬ್ಬನೇ ಆಗಿದ್ದಾಗ ಯಾರ ಮಾತು ನಡೆಯಬೇಕು ಅನ್ನುವುದನ್ನು ಸ್ವಿಚ್ ಹಾಕುವ ಮೊದಲೇ ತೀರ್ಮಾನ ಮಾಡಿಕೊಂಡಿರಬೇಕು.

ಇದನ್ನು ಚೆನ್ನಾಗಿ ತೋರಿಸಿಕೊಡುವುದು ಎಲ್ಲಕ್ಕಿಂತ ಹಳೆಯ ಡ್ರೈವೇ. 1956ರ ಸೆಪ್ಟೆಂಬರ್‌ನಲ್ಲಿ ಐಬಿಎಂ ಕಂಪನಿ 305 ರಾಮ್ಯಾಕ್ ಅನ್ನುವ ಕಂಪ್ಯೂಟರನ್ನು ಹೊರತಂದಿತು. ಅದರ ಡಿಸ್ಕ್ ಘಟಕಕ್ಕೆ 350 ಎಂದು ಹೆಸರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಮುಂದಾಳತ್ವದ ತಂಡ ಕಟ್ಟಿದ್ದು ಅದು. (ಪರದೆಯ ಮೇಲೆ: ಮನುಷ್ಯನಷ್ಟೆತ್ತರದ ಗಾಜಿನ ಕಪಾಟು, ಒಳಗೆ ಒಂದರ ಮೇಲೊಂದು ತಟ್ಟೆಗಳು.) 24 ಇಂಚು ಅಗಲದ 50 ತಟ್ಟೆಗಳು, ನಿಮಿಷಕ್ಕೆ 1200 ಸುತ್ತು. ಒಂದೊಂದು ಮೇಲ್ಮೈಗೆ 100 ಟ್ರ್ಯಾಕ್ (ದತ್ತಾಂಶ ಬರೆಯುವ ವೃತ್ತಾಕಾರದ ಸಾಲು), ಒಂದೊಂದು ಟ್ರ್ಯಾಕಿಗೆ 500 ಅಕ್ಷರ. ಒಟ್ಟು 50 ಲಕ್ಷ ಅಕ್ಷರ. ಇವತ್ತು ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಹಿಡಿಸುವುದೇ ಅನುಮಾನ.

ನೂರು ಮೇಲ್ಮೈಗಳಿಗೆ ಇದ್ದದ್ದು ಒಂದೇ ಒಂದು ತೋಳು, ಅದರಲ್ಲಿ ಎರಡೇ ಹೆಡ್, ಅಂದರೆ ಓದಿ ಬರೆಯುವ ತುದಿ. ಬೇಕಾದ ತಟ್ಟೆಯ ಎತ್ತರಕ್ಕೆ ತೋಳು ಏರಬೇಕು ಅಥವಾ ಇಳಿಯಬೇಕು, ಅಲ್ಲಿ ನಿಂತು ಒಳಕ್ಕೆ ಚಾಚಬೇಕು. ಸರಾಸರಿ 600 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಹೆಡ್ಡು ತಟ್ಟೆಗೆ ತಾಗದಿರಲೆಂದು ಕಂಪ್ರೆಸರ್‌ನಿಂದ ಗಾಳಿ ಊದಿಸಿ ಸುಮಾರು 20 ಮೈಕ್ರಾನ್ ದೂರದಲ್ಲಿ ತೇಲಿಸುತ್ತಿದ್ದರು. ತಟ್ಟೆಗೆ ಬಳಿದಿದ್ದು ಕಬ್ಬಿಣದ ಆಕ್ಸೈಡ್ ಬೆರೆಸಿದ ಬಣ್ಣ. ಅಭಿವೃದ್ಧಿಯ ದಿನಗಳಲ್ಲಿ ಆ ಬಣ್ಣವನ್ನು ರೇಷ್ಮೆ ಕಾಲುಚೀಲದಲ್ಲಿ ಸೋಸಿ, ಕಾಗದದ ಲೋಟದಿಂದ ತಿರುಗುವ ತಟ್ಟೆಯ ನಡುವಿಗೆ ಸುರಿದು, ತಾನಾಗಿ ಹರಡಿಕೊಳ್ಳಲು ಬಿಡುತ್ತಿದ್ದರಂತೆ. ಪ್ರಪಂಚದ ಮೊದಲ ಡಿಸ್ಕ್ ಡ್ರೈವಿನ ಹಿಂದೆ ಒಂದು ಕಾಲುಚೀಲವಿದೆ ಅನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ.

ಇಂಥ ಒಂದು 350 ಘಟಕವನ್ನು ಮತ್ತೆ ಓಡಿಸುವ ಕೆಲಸ 2000ರ ದಶಕದ ಮೊದಲ ವರ್ಷಗಳಲ್ಲಿ ಸಾಂತಾ ಕ್ಲಾರಾ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಮುಂದಾಳು ಆಲ್ ಹೋಗ್ಲಂಡ್. 50ರ ದಶಕದಲ್ಲಿ ಐಬಿಎಂನಲ್ಲಿ ಇದೇ ಯಂತ್ರದ ಕೆಲಸದಲ್ಲಿದ್ದವರು. ಬಳಿಕ ಅದು ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂಗೆ ಹೋಯಿತು. ಅವರು ಮಾಡಿದ ಜಾಣತನ ಗಮನಿಸಿ. ಮೂಲ 305 ಕಂಪ್ಯೂಟರ್ ನಿರ್ವಾತ ಕೊಳವೆಗಳದ್ದು. ಅದನ್ನು ಮತ್ತೆ ಬದುಕಿಸಲು ಅವರು ಹೋಗಲಿಲ್ಲ. ಮೋಟರು, ತೋಳು, ಗಾಳಿ, ಹೆಡ್ಡು ಇಷ್ಟನ್ನು ಮಾತ್ರ ಸರಿಮಾಡಿ, ತೋಳಿನ ಚಲನೆ ಮತ್ತು ಓದುವ ಕೆಲಸವನ್ನು ಇಂದಿನ ಎಲೆಕ್ಟ್ರಾನಿಕ್ಸ್‌ಗೆ ಒಪ್ಪಿಸಿದರು. ಹೆಡ್ಡಿನಿಂದ ಬಂದ ಸಂಕೇತವನ್ನು ಹಿಡಿದು ನೋಡಿದರೆ, ದಶಕಗಳ ಹಿಂದೆ ಬರೆದಿದ್ದ ದತ್ತಾಂಶ ಹಾಗೇ ಇತ್ತು.

ಹೇಗೆ ಉಳಿಯಿತು? ಆ ಕಾಲದ ಬಿಟ್ಟುಗಳೇ ದಪ್ಪ. ಟ್ರ್ಯಾಕಿನ ಉದ್ದಕ್ಕೆ ಇಂಚಿಗೆ 100 ಬಿಟ್ ಆಸುಪಾಸು, ಅಡ್ಡಕ್ಕೆ ಇಂಚಿಗೆ 20 ಟ್ರ್ಯಾಕ್. ಅಲ್ಲಲ್ಲಿ ಬಣ್ಣ ಕೆರೆದಿದ್ದರೂ, ಧೂಳು ಕೂತಿದ್ದರೂ ಅಷ್ಟು ದೊಡ್ಡ ಗುರುತು ಅಳಿಸುವುದಿಲ್ಲ. ಹಳೆಯದಾದಷ್ಟೂ ದತ್ತಾಂಶ ತೆಗೆಯುವುದು ಕಷ್ಟ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಡಿಸ್ಕಿನ ಮಟ್ಟಿಗೆ ಹಾಗೇನೂ ಇಲ್ಲ. 1956ರ ತಟ್ಟೆಗಿಂತ 1990ರ ತಟ್ಟೆ ಹೆಚ್ಚು ಕಾಡಿಸುತ್ತದೆ.

ಯಾಕೆ ಅನ್ನುವುದಕ್ಕೆ 1973ಕ್ಕೆ ಬರಬೇಕು. ಆ ವರ್ಷ ಐಬಿಎಂನ 3340 ಬಂತು, ಅಡ್ಡಹೆಸರು ವಿಂಚೆಸ್ಟರ್. ಅದುವರೆಗಿನ ಡ್ರೈವ್‌ಗಳಲ್ಲಿ ತಟ್ಟೆ ಪೂರ್ತಿ ವೇಗ ಹಿಡಿದ ಮೇಲೆ ಹೆಡ್ಡುಗಳು ಹೊರಗಿನಿಂದ ಒಳಗೆ ಬರುತ್ತಿದ್ದವು, ನಿಲ್ಲುವ ಮೊದಲು ಹೊರಗೆ ಹೋಗುತ್ತಿದ್ದವು. 3340ರಲ್ಲಿ ಹಗುರವಾದ ಹೆಡ್ಡು ತಟ್ಟೆಯ ಮೇಲೇ ಕೂತಿರುತ್ತದೆ. ತಟ್ಟೆ ತಿರುಗಿದಾಗ ಗಾಳಿಯ ತೆಳು ಪದರದ ಮೇಲೆ ತಾನೇ ಏಳುತ್ತದೆ, ನಿಂತಾಗ ತಾನೇ ಇಳಿಯುತ್ತದೆ. ಏಳುವ ಎತ್ತರ ಅರ್ಧ ಮೈಕ್ರಾನಿಗೂ ಸ್ವಲ್ಪ ಕಡಿಮೆ. ಇಳಿಯುವಾಗ ಉಜ್ಜದಿರಲೆಂದು ತಟ್ಟೆಗೆ ಎಣ್ಣೆಯಂಥ ಪದಾರ್ಥದ ಲೇಪ. ಅಲ್ಲಿಂದ ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ನಮ್ಮ ನಿಮ್ಮ ಪಿಸಿಗಳಲ್ಲಿ ಬಂದ ಡ್ರೈವ್‌ಗಳೆಲ್ಲ ಬಹುಮಟ್ಟಿಗೆ ಈ ವಂಶದವೇ.

ಅರ್ಥವಾಯಿತಲ್ಲ? ನುಣುಪಾದ ಹೆಡ್ಡು, ನುಣುಪಾದ ತಟ್ಟೆ, ನಡುವೆ ಲೇಪ, ಮೇಲೆ ಮೂವತ್ತು ವರ್ಷದ ಸುಮ್ಮನಿರುವಿಕೆ. ಒದ್ದೆಯಾದ ಎರಡು ಗಾಜಿನ ಹಲಗೆ ಒಂದಕ್ಕೊಂದು ಅಂಟಿಕೊಂಡಂತೆ ಅಂಟಿಕೊಂಡಿರುತ್ತವೆ. ಇದಕ್ಕೆ ನಮ್ಮವರು ಹೇಳುವುದು ಸ್ಟಿಕ್ಷನ್ ಅಂತಲೇ. ಮೋಟರು ಎಳೆಯುತ್ತದೆ, ತಟ್ಟೆ ಬರುವುದಿಲ್ಲ. ಬಲವಾಗಿ ಬಂದರೆ ಹೆಡ್ಡನ್ನು ಕಿತ್ತುಕೊಂಡೇ ಬರುತ್ತದೆ.

ಇನ್ನು ಮೇಜಿನ ಮೇಲೆ ಒಂದು ಡ್ರೈವ್ ಇಟ್ಟುಕೊಂಡು ಮಾತಾಡೋಣ. (ಕೈಯಲ್ಲಿ ಹಿಡಿದು ತೋರಿಸಿದ್ದು: ಸೀಗೇಟ್ ಎಸ್‌ಟಿ-225.) ಇದರ ಅಜ್ಜ ಎಸ್‌ಟಿ-506, 1980ರದು, 5 ಮೆಗಾಬೈಟ್. ಅಪ್ಪ ಎಸ್‌ಟಿ-412, 10 ಮೆಗಾಬೈಟ್, 1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ ಬಂದದ್ದು. ಈ 225ರದು 20 ಮೆಗಾಬೈಟ್: 615 ಸಿಲಿಂಡರ್ (ಎಲ್ಲ ಮೇಲ್ಮೈಗಳಲ್ಲೂ ಒಂದೇ ದೂರದಲ್ಲಿರುವ ಟ್ರ್ಯಾಕುಗಳ ಗುಂಪು), 4 ಹೆಡ್, ಟ್ರ್ಯಾಕಿಗೆ 17 ಸೆಕ್ಟರ್, ಅಂದರೆ ತುಂಡು. ಅಂದಿನ ಆಫೀಸು, ಬ್ಯಾಂಕು, ಡಿಟಿಪಿ ಅಂಗಡಿಗಳಲ್ಲಿ ಎಲ್ಲಿ ನೋಡಿದರೂ ಇವೇ.

ಮೊದಲ ಕೆಲಸ ಮಲ್ಟಿಮೀಟರ್‌ನದು. 12 ವೋಲ್ಟ್ ಪಿನ್ನಿಗೂ ಗ್ರೌಂಡ್ ಪಿನ್ನಿಗೂ ನಡುವೆ ಎಷ್ಟು ರೋಧ ಇದೆ ನೋಡಿ, ಆಮೇಲೆ 5 ವೋಲ್ಟ್ ಪಿನ್ನಿಗೆ. ಬೋರ್ಡಿನ ಮೇಲೆ ಮಣಿಯಂತೆ ಕಾಣುವ ಟ್ಯಾಂಟಲಮ್ ಕೆಪಾಸಿಟರ್‌ಗಳಿವೆಯಲ್ಲ, ವಯಸ್ಸಾದ ಮೇಲೆ ಇವುಗಳಲ್ಲಿ ಒಂದೊಂದು ಶಾರ್ಟ್ ಆಗಿರುತ್ತದೆ, ಅದೂ 12 ವೋಲ್ಟ್ ಸಾಲಿನಲ್ಲಿ. ನೋಡದೆ ಪವರ್ ಕೊಟ್ಟರೆ ಪಟಾಕಿಯೇ. ಬೆಸುಗೆ ಬಿಡಿಸಿ ಹೊಸದು ಹಾಕಲು ಹತ್ತು ನಿಮಿಷ. ಪವರ್ ಸಪ್ಲೈಯನ್ನೂ ನಂಬಬೇಡಿ. ಹಳೆಯದನ್ನು ಬದಿಗಿಟ್ಟು, ಅಳೆದು ನೋಡಿದ ಹೊಸ ಸಪ್ಲೈಯಿಂದ ಕೊಡಿ. ಹಳೆಯದರ ಮೇಲೆ ಮಮತೆ ಇದ್ದರೆ ಆಮೇಲೆ ರಿಪೇರಿ ಮಾಡಿಕೊಳ್ಳೋಣ. ಅದರ ಮೈನ್ಸ್ ಫಿಲ್ಟರಿನಲ್ಲಿರುವ ಹಳದಿ ಪಾರದರ್ಶಕ ರೀಫಾ ಕೆಪಾಸಿಟರ್ ಬಿರುಕು ಬಿಟ್ಟಿದ್ದರೆ, ಸ್ವಿಚ್ ಹಾಕಿದ ಕೆಲವೇ ನಿಮಿಷದಲ್ಲಿ ಕೋಣೆಯಲ್ಲಿ ಕೂರಲಾಗದಂಥ ನಾತದ ಹೊಗೆ.

ಎರಡನೆಯದು ಬೆರಳಿನ ಕೆಲಸ. ಈ ತಲೆಮಾರಿನ ಡ್ರೈವ್‌ನಲ್ಲಿ ಮೋಟರಿನ ಚಕ್ರ ಅಡಿಭಾಗದಲ್ಲಿ ಹೊರಗೇ ಕಾಣುತ್ತದೆ. ಅದನ್ನು ಮೆಲ್ಲಗೆ, ಅದು ಯಾವಾಗಲೂ ತಿರುಗುವ ದಿಕ್ಕಿನಲ್ಲೇ, ಕೂದಲೆಳೆಯಷ್ಟು ಜರುಗಿಸಿ. ಅಂಟಿದ್ದರೆ ಗೊತ್ತಾಗುತ್ತದೆ. ಹಿಮ್ಮುಖವಾಗಿ ತಿರುಗಿಸಬೇಡಿ, ಹೆಡ್ಡು ತೇಲುವಂತೆ ರೂಪಿಸಿರುವುದು ಒಂದೇ ದಿಕ್ಕಿಗೆ. ಸ್ವಲ್ಪ ಬೆಚ್ಚಗೆ ಮಾಡಿದರೆ ಲೇಪ ಸಡಿಲವಾಗುತ್ತದೆ. ಬಿಸಿಲಲ್ಲಿಟ್ಟು ಕಾಯಿಸಿ ಅಂದಿಲ್ಲ, ಬೆಚ್ಚಗೆ ಅಂದೆ. ಅಡಿಯಲ್ಲೇ ಇನ್ನೊಂದು ಸಣ್ಣ ತಗಡಿನ ಸ್ಪ್ರಿಂಗ್ ಇದೆ, ನೋಡಿ. ಅದರ ತುದಿಯ ಇಂಗಾಲದ ಗುಂಡಿ ತಿರುಗುವ ಕಡ್ಡಿಯ ತುದಿಗೆ ಒತ್ತಿಕೊಂಡಿರುತ್ತದೆ, ತಟ್ಟೆಯಲ್ಲಿ ಸೇರುವ ಸ್ಥಾಯೀ ವಿದ್ಯುತ್ತನ್ನು ನೆಲಕ್ಕಿಳಿಸಲು. ಇದು ಸವೆದಾಗ ಡ್ರೈವ್ ಕಿರ್ರೋ ಅಂತ ಕಿರುಚುತ್ತದೆ. ಬೇರಿಂಗೇ ಹೋಯಿತೆಂದು ಎಸೆದ ಎಷ್ಟು ಡ್ರೈವ್‌ಗಳಲ್ಲಿ ಹೋಗಿದ್ದದ್ದು ಈ ಸ್ಪ್ರಿಂಗ್ ಮಾತ್ರವೋ! ಸ್ಪ್ರಿಂಗಿನ ಬೆನ್ನಿಗೆ ಚೂರು ರಬ್ಬರ್ ಅಂಟಿಸಿದರೆ ಕಂಪನ ನಿಂತು ಕಿರುಚಾಟವೂ ನಿಲ್ಲುತ್ತದೆ.

ರಬ್ಬರ್ ಅಂದಾಗ ನೆನಪಾಯಿತು. 90ರ ದಶಕದ ಆರಂಭದ ಮ್ಯಾಕಿಂಟಾಷ್‌ಗಳಲ್ಲಿ ಬರುತ್ತಿದ್ದ ಕ್ವಾಂಟಮ್ ಪ್ರೊಡ್ರೈವ್‌ಗಳಲ್ಲಿ ತೋಳು ಹೊಡೆಯದಿರಲೆಂದು ಇಟ್ಟ ರಬ್ಬರಿನ ತಡೆ ಈಗ ಡಾಂಬರಿನಂತೆ ಕರಗಿ ತೋಳನ್ನೇ ಹಿಡಿದುಕೊಂಡಿರುತ್ತದೆ. ತಟ್ಟೆ ಚೆನ್ನಾಗಿ ತಿರುಗುತ್ತದೆ, ಹೆಡ್ಡು ಕದಲುವುದಿಲ್ಲ. ಅದಕ್ಕೆ ಮುಚ್ಚಳ ತೆಗೆಯದೆ ಬೇರೆ ದಾರಿಯಿಲ್ಲ. ಧೂಳಿಲ್ಲದ ಜಾಗದಲ್ಲಿ ತೆಗೆದು, ತೋಳು ಬಿಡಿಸಿ, ಆ ಅಂಟನ್ನು ಮುಚ್ಚಿ, ಮುಚ್ಚಳ ಹಾಕಿದ ಕೂಡಲೇ ನಕಲು ಮಾಡಿಕೊಳ್ಳಬೇಕು. ಇದು ದತ್ತಾಂಶದವನ ವಿಧಾನ, ರಿಪೇರಿಯವನ ವಿಧಾನ ಅಲ್ಲ. ಆ ಡ್ರೈವ್ ಇನ್ನೆಷ್ಟು ದಿನ ಬಾಳುತ್ತದೆ ಎಂದು ಲೆಕ್ಕ ಹಾಕುವ ಹೊತ್ತು ಅದಲ್ಲ.

ಸರಿ, ಡ್ರೈವ್ ತಿರುಗಿತು. ಹಳೆಯ ಪಿಸಿಗೆ ಸಿಕ್ಕಿಸಿ ಡಾಸ್‌ನಲ್ಲಿ (ಅಂದಿನ ಪಿಸಿಗಳ ಆಪರೇಟಿಂಗ್ ಸಿಸ್ಟಮ್) ಡೈರೆಕ್ಟರಿ ನೋಡೋಣ ಅಂದರೆ, ಬೇಡ ಅನ್ನುತ್ತೇನೆ. ಯಾಕೆ ಅನ್ನುವುದೇ ಈ ಉಪನ್ಯಾಸದ ನಡುಭಾಗ.

ಹೆಡ್ಡಿಗೆ ಸೊನ್ನೆ-ಒಂದು ಕಾಣುವುದಿಲ್ಲ. ತಟ್ಟೆಯ ಮೇಲೆ ಕಾಂತೀಯ ದಿಕ್ಕು ತಿರುಗಿದ ಜಾಗದಲ್ಲಿ ಹೆಡ್ಡಿನ ಸುರುಳಿಯಲ್ಲಿ ಒಂದು ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ, ಅಷ್ಟೇ. ಎರಡು ಮಿಡಿತಗಳ ನಡುವಿನ ಕಾಲದಲ್ಲಿದೆ ಮಾಹಿತಿಯೆಲ್ಲ. ಎಂಎಫ್‌ಎಂ ಅನ್ನುವ ವಿಧಾನದಲ್ಲಿ, ಸೆಕೆಂಡಿಗೆ 50 ಲಕ್ಷ ಬಿಟ್ ವೇಗದ ಈ ಡ್ರೈವಿನಲ್ಲಿ, ಆ ಕಾಲ 200, 300 ಅಥವಾ 400 ನ್ಯಾನೋಸೆಕೆಂಡ್. ಬೇರೇನೂ ಇರಕೂಡದು. ವಾಸ್ತವದಲ್ಲಿ ಮೋಟರಿನ ವೇಗ ಏರುಪೇರಾಗುತ್ತದೆ, ಒತ್ತಾಗಿರುವ ಮಿಡಿತಗಳು ಒಂದನ್ನೊಂದು ಆಚೀಚೆ ತಳ್ಳುತ್ತವೆ, 250 ಬರುತ್ತದೆ. ಅದು 200ರದೋ 300ರದೋ? ಡ್ರೈವನ್ನು ನಡೆಸಲು ಪಿಸಿಯಲ್ಲಿ ಹಾಕಿದ ಹಳೆಯ ಕಂಟ್ರೋಲರ್ ಕಾರ್ಡ್ ಆ ಕ್ಷಣದಲ್ಲೇ ಒಂದು ತೀರ್ಮಾನ ಮಾಡಿ, ತಪ್ಪಿದರೆ ‘ಡೇಟಾ ಎರರ್’ ಎಂದು ಕೈ ಝಾಡಿಸುತ್ತದೆ. ತಾನು ಏನು ಕಂಡೆ ಎಂದು ಹೇಳುವುದಿಲ್ಲ.

ಇನ್ನೊಂದು ತೊಡಕು. ಎಸ್‌ಟಿ-506 ಮಾದರಿಯ ಡ್ರೈವಿಗೆ ಸೆಕ್ಟರ್ ಅಂದರೇನೆಂದೇ ಗೊತ್ತಿಲ್ಲ. ಟ್ರ್ಯಾಕು ನಿಮಿಷಕ್ಕೆ 3600 ಸಲ ಸುತ್ತುತ್ತದೆ, ಪ್ರತಿ ಸುತ್ತಿನಲ್ಲಿ ಸುಮಾರು 10,400 ಬೈಟ್‌ನಷ್ಟು ಮಿಡಿತ ಹೊರಬರುತ್ತದೆ. ಅದರಲ್ಲಿ ನಮ್ಮ ದತ್ತಾಂಶ 17 ಸೆಕ್ಟರಿನ 8,704 ಬೈಟ್ ಮಾತ್ರ. ಉಳಿದದ್ದು ಖಾಲಿ ಜಾಗ, ವಿಳಾಸ, ತಾಳೆ ನೋಡುವ ಸಂಖ್ಯೆ. ಎಲ್ಲಿ ಏನಿದೆ ಅನ್ನುವುದು ಕಂಟ್ರೋಲರ್ ಕಾರ್ಡಿನ ಖಾಸಗಿ ವ್ಯವಹಾರ. ಐಬಿಎಂ ಎಕ್ಸ್‌ಟಿಯ ಕಾರ್ಡು ಝೆಬೆಕ್ ಕಂಪನಿಯದು. ವೆಸ್ಟರ್ನ್ ಡಿಜಿಟಲ್‌ನದು ಬೇರೆ, ಅಡಾಪ್ಟೆಕ್‌ನದು ಬೇರೆ. ಒಂದು ಕಾರ್ಡಿನಿಂದ ಲೋ ಲೆವೆಲ್ ಫಾರ್ಮ್ಯಾಟ್ ಮಾಡಿದ, ಅಂದರೆ ಸೆಕ್ಟರುಗಳ ಗುರುತು ಬರೆದ ಡ್ರೈವನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಅದಕ್ಕೆ ಕಾಣುವುದು ಕಸ. ಆಗ ಯಾರೋ ಒಬ್ಬ ಬುದ್ಧಿವಂತ ‘ಡ್ರೈವ್ ಫಾರ್ಮ್ಯಾಟ್ ಆಗಿಲ್ಲ’ ಎಂದು ಹೊಸದಾಗಿ ಫಾರ್ಮ್ಯಾಟ್ ಹೊಡೆಯುತ್ತಾನೆ. ಇದ್ದ ದತ್ತಾಂಶವನ್ನು ಮನುಷ್ಯನ ಕೈಯೇ ಅಳಿಸುವ ಅತಿ ಸಾಮಾನ್ಯ ದಾರಿ ಇದು. ತುಕ್ಕು, ಬೂಷ್ಟು, ಇಲಿ ಎಲ್ಲ ಆಮೇಲೆ.

ಹಾಗಾಗಿ ಇವತ್ತಿನ ಪದ್ಧತಿ ಏನೆಂದರೆ, ಅರ್ಥ ಮಾಡಿಕೊಳ್ಳಲು ಹೋಗದೆ ಮಿಡಿತಗಳ ನಡುವಿನ ಕಾಲವನ್ನೇ ಅಳೆದು ಬರೆದಿಟ್ಟುಕೊಳ್ಳುವುದು. ಇದಕ್ಕೆ ಫ್ಲಕ್ಸ್ ಇಮೇಜ್ ಅನ್ನುತ್ತಾರೆ. ಎಂಎಫ್‌ಎಂ ಹಾರ್ಡ್ ಡಿಸ್ಕ್‌ಗಳಿಗೆ ಬೀಗಲ್‌ಬೋನ್ ಎಂಬ ಪುಟ್ಟ ಕಂಪ್ಯೂಟರ್ ಹಲಗೆಯ ಮೇಲೆ ಕೂರುವ ರೀಡರ್ ಇದೆ. ಫ್ಲಾಪಿಗಳಿಗೆ ಕ್ರಯೋಫ್ಲಕ್ಸ್, ಗ್ರೀಸ್‌ವೀಝಲ್ ಇವೆ. ಗ್ರೀಸ್‌ವೀಝಲ್‌ನ ವಿನ್ಯಾಸ ಎಲ್ಲರಿಗೂ ಮುಕ್ತ, ಅಗ್ಗ. ಒಂದು ಸಲ ಫ್ಲಕ್ಸ್ ಇಮೇಜ್ ಸಿಕ್ಕಿತೆಂದರೆ ಡ್ರೈವನ್ನು ಆಫ್ ಮಾಡಿ. 250 ನ್ಯಾನೋಸೆಕೆಂಡ್ ಯಾರ ಪಾಲಿಗೆ ಅನ್ನುವ ಜಗಳವನ್ನು ಇನ್ನು ಎಷ್ಟು ವರ್ಷ ಬೇಕಾದರೂ ಲ್ಯಾಪ್‌ಟಾಪಿನ ಮುಂದೆ ಕೂತು ಬಗೆಹರಿಸಬಹುದು. ಒಂದೇ ಟ್ರ್ಯಾಕನ್ನು ಹಲವು ಸುತ್ತು ಓದಿದ್ದರೆ ಸುತ್ತಿನಿಂದ ಸುತ್ತಿಗೆ ಬದಲಾಗುವ ಮಿಡಿತ ಯಾವುದು, ಗಟ್ಟಿಯಾಗಿ ನಿಂತದ್ದು ಯಾವುದು ಎಂದೂ ಗೊತ್ತಾಗುತ್ತದೆ.

ಓದದೇ ಉಳಿದ ಟ್ರ್ಯಾಕುಗಳಿಗೆ ಮಾತ್ರ ಮತ್ತೆ ಡ್ರೈವ್ ಮುಟ್ಟುವುದು. ಅಲ್ಲಿ ಒಂದೆರಡು ಕೈಚಳಕ ಇವೆ. ಈ ಡ್ರೈವಿನ ತೋಳನ್ನು ನಡೆಸುವುದು ಸ್ಟೆಪ್ಪರ್ ಮೋಟರ್. ಅದು ಎಣಿಸಿದಷ್ಟು ಹೆಜ್ಜೆ ಇಟ್ಟು ನಿಲ್ಲುತ್ತದೆ. ಟ್ರ್ಯಾಕು ನಿಜಕ್ಕೂ ಅಲ್ಲಿದೆಯೇ ಎಂದು ನೋಡುವುದಿಲ್ಲ. ಲೋಹ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಮೂವತ್ತೈದು ವರ್ಷದ ಹಿಂದೆ ಏಸಿ ಕೋಣೆಯಲ್ಲಿ ಬರೆದದ್ದನ್ನು ಏಪ್ರಿಲ್ ತಿಂಗಳಲ್ಲಿ ಓದಲು ಕೂತರೆ ಹೆಡ್ಡು ಟ್ರ್ಯಾಕಿನ ಅಂಚಿನಲ್ಲಿ ನಿಂತಿರಬಹುದು. ತಣ್ಣಗಿದ್ದಾಗ ಒಮ್ಮೆ, ಅರ್ಧ ಗಂಟೆ ಓಡಿದ ಮೇಲೆ ಒಮ್ಮೆ ಓದಿ ನೋಡಿ. ಡ್ರೈವನ್ನು ಮಲಗಿಸಿ ಓದಿದ್ದರೆ ನಿಲ್ಲಿಸಿ ಓದಿ. ಮೂಲ ಪಿಸಿಯಲ್ಲಿ ಅದನ್ನು ಹೇಗೆ ಕೂರಿಸಿದ್ದರೋ ಹಾಗೆ ಕೂರಿಸಿದಾಗ ಮಾತ್ರ ಓದುವ ಡ್ರೈವ್‌ಗಳಿವೆ. ಅದಕ್ಕೇ ಪಿಸಿಯಿಂದ ಬಿಚ್ಚುವ ಮೊದಲು ಒಂದು ಫೋಟೋ ತೆಗೆದಿಡಿ ಅನ್ನುವುದು.

ಈಗ ಸ್ವಲ್ಪ ಸುಖದ ಕತೆ. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಆಲ್ಟೊ ಎಂಬ ಕಂಪ್ಯೂಟರ್ ಹುಟ್ಟಿತು. ಪರದೆಯ ಮೇಲಿನ ಕಿಟಕಿ, ಮೌಸ್, ಈಥರ್‌ನೆಟ್ ಎಲ್ಲ ಅದರ ಸುತ್ತ ಬೆಳೆದದ್ದು ನಿಮಗೆ ಗೊತ್ತೇ ಇದೆ. ಅದರ ಡಿಸ್ಕು ಡಯಾಬ್ಲೊ 31: ಊಟದ ತಟ್ಟೆಗಿಂತ ದೊಡ್ಡದಾದ, 14 ಇಂಚಿನ ಒಂದೇ ತಟ್ಟೆ ಇರುವ ಪ್ಲಾಸ್ಟಿಕ್ ಕಾರ್ಟ್ರಿಡ್ಜ್. 203 ಸಿಲಿಂಡರ್, 2 ಹೆಡ್, 12 ಸೆಕ್ಟರ್; ಒಟ್ಟು 4,872 ಸೆಕ್ಟರ್, ಎರಡೂವರೆ ಮೆಗಾಬೈಟ್. ಇದು ವಿಂಚೆಸ್ಟರ್ ವಂಶದ್ದಲ್ಲ, ಹೆಡ್ಡು ತಟ್ಟೆಯ ಮೇಲೆ ಕೂರುವುದಿಲ್ಲ. ಅಂಟಿಕೊಳ್ಳುವ ಭಯವಿಲ್ಲ. ಬದಲಿಗೆ ಕಾರ್ಟ್ರಿಡ್ಜನ್ನು ಹಾಕಿ ತೆಗೆಯುವಾಗ ಒಳಗೆ ಸೇರುವ ಧೂಳಿನ ಭಯ. ಈ ಜಾತಿಯ ಡ್ರೈವ್‌ಗಳಲ್ಲಿ ಗಾಳಿ ಹೋಗುವ ದಾರಿಗೆ ಹಾಕಿದ ಸ್ಪಂಜು ಐವತ್ತು ವರ್ಷದಲ್ಲಿ ಪುಡಿಪುಡಿಯಾಗಿರುತ್ತದೆ. ಫ್ಯಾನ್ ತಿರುಗಿತೆಂದರೆ ಆ ಪುಡಿಯೆಲ್ಲ ಸೀದಾ ತಟ್ಟೆಯ ಮೇಲೆ. ಡಿಇಸಿ ಕಂಪನಿಯ ಆರ್‌ಕೆ05 ಇದರ ಸೋದರ ಸಂಬಂಧಿ, ಅದರಲ್ಲೂ ಇದೇ ಸ್ಪಂಜಿನ ಕಾಟ. ಅದರಲ್ಲಿ ಇನ್ನೂ ಒಂದು ಇದೆ: ಕರೆಂಟ್ ಹೋದರೆ ಹೆಡ್ಡನ್ನು ತಟ್ಟೆಯಿಂದ ಹಿಂದಕ್ಕೆಳೆಯಲು ಒಂದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಬ್ಯಾಟರಿ ಸತ್ತಿದ್ದು ಗೊತ್ತಿಲ್ಲದೆ ಓಡಿಸುತ್ತಿರುವಾಗ ಕರೆಂಟ್ ಹೋಯಿತೋ, ತಟ್ಟೆಯ ವೇಗ ಇಳಿದು ಹೆಡ್ಡು ತಟ್ಟೆಗೆ ಕೂರುತ್ತದೆ. ನಮ್ಮ ಊರಿನ ಕರೆಂಟಿನ ಗುಣ ಗೊತ್ತಿರುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

2016ರಲ್ಲಿ ಅಮೆರಿಕದಲ್ಲಿ ಮಾರ್ಕ್ ವರ್ಡೀಲ್, ಕೆನ್ ಶಿರಿಫ್, ಕಾರ್ಲ್ ಕ್ಲಾಂಚ್, ಲೂಕಾ ಸೆವೆರಿನಿ ಸೇರಿ ಒಂದು ಆಲ್ಟೊವನ್ನು ಮತ್ತೆ ಓಡಿಸಿದರು. ಅದು ಕಂಪ್ಯೂಟರ್ ವಿಜ್ಞಾನಿ ಅಲನ್ ಕೇ ಅವರು ಹೊಸ ಕಂಪನಿಗಳಿಗೆ ಬಂಡವಾಳ ಹಾಕುವ ವೈ ಕಾಂಬಿನೇಟರ್ ಸಂಸ್ಥೆಗೆ ಕೊಟ್ಟಿದ್ದ ಯಂತ್ರ. ಡ್ರೈವ್ ತೊಳೆದು, ಹೆಡ್ಡು ಒರೆಸಿ ಸಿದ್ಧ ಮಾಡಿದರು ನಿಜ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಕ್ಲಾಂಚ್ ಕಟ್ಟಿದ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ರೂಪಿಸಿಕೊಳ್ಳಬಹುದಾದ ಚಿಪ್) ಬೋರ್ಡು. ಡಯಾಬ್ಲೊ ಡ್ರೈವಿಗೆ ನೇರವಾಗಿ ಸಿಕ್ಕಿಸಿದರೆ ಕಾರ್ಟ್ರಿಡ್ಜನ್ನು ಕಡತವಾಗಿ ಇಳಿಸಿಕೊಳ್ಳುತ್ತದೆ. ಆಲ್ಟೊಗೆ ಸಿಕ್ಕಿಸಿದರೆ ತಾನೇ ಡ್ರೈವಿನಂತೆ ನಟಿಸುತ್ತದೆ. ಅಂದರೆ ಕಂಪ್ಯೂಟರ್ ಕೆಟ್ಟಿದ್ದರೂ ಡಿಸ್ಕು ಓದಬಹುದು, ಡಿಸ್ಕು ಕೆಟ್ಟಿದ್ದರೂ ಕಂಪ್ಯೂಟರ್ ಓಡಿಸಬಹುದು.

ಆಲ್ಟೊ ಡಿಸ್ಕಿನ ಬರವಣಿಗೆಯನ್ನು ರೂಪಿಸಿದವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಪ್ರತಿ ಸೆಕ್ಟರಿನಲ್ಲಿ ದತ್ತಾಂಶದ 256 ಪದಗಳಿಗೆ (ಇಲ್ಲಿ ಪದ ಅಂದರೆ ಎರಡು ಬೈಟ್) ಮೊದಲು 8 ಪದಗಳ ಒಂದು ಚೀಟಿ. ಈ ಸೆಕ್ಟರ್ ಯಾವ ಕಡತಕ್ಕೆ ಸೇರಿದ್ದು, ಎಷ್ಟನೆಯ ಪುಟ, ಹಿಂದಿನ ಪುಟ ಎಲ್ಲಿದೆ, ಮುಂದಿನದು ಎಲ್ಲಿದೆ, ಎಲ್ಲ ಅದರಲ್ಲೇ. ಡೈರೆಕ್ಟರಿ ಪೂರ್ತಿ ನಾಶವಾದರೂ ಎಲ್ಲ ಚೀಟಿಗಳನ್ನು ಓದಿ ಕಡತಗಳನ್ನು ಮತ್ತೆ ಜೋಡಿಸುವ ಸ್ಕ್ಯಾವೆಂಜರ್ ಎಂಬ ಪ್ರೋಗ್ರಾಂ ಅಂದೇ ಇತ್ತು. ನಮ್ಮ ಡಾಸ್‌ನ ಫ್ಯಾಟ್ ನೋಡಿ: ಯಾವ ತುಂಡು ಯಾವುದರ ಮುಂದಿನದು ಎಂಬ ಲೆಕ್ಕವೆಲ್ಲ ಡಿಸ್ಕಿನ ಮೊದಲ ಕೆಲವು ಸೆಕ್ಟರುಗಳಲ್ಲಿ, ಎರಡು ಪ್ರತಿ, ಅದೂ ಪಕ್ಕಪಕ್ಕದಲ್ಲೇ. ಅಲ್ಲಿ ಹೆಡ್ಡು ಒಮ್ಮೆ ಗೀಚಿದರೆ ಎರಡೂ ಪ್ರತಿ ಒಟ್ಟಿಗೇ ಹೋಗುತ್ತವೆ.

ಇನ್ನು ಫ್ಲಾಪಿ. ನಮ್ಮಲ್ಲಿ ನಿಜಕ್ಕೂ ರಾಶಿ ರಾಶಿ ಉಳಿದಿರುವುದು ಇವೇ. ಕರಾವಳಿ, ಮಲೆನಾಡಿನ ಕಡೆಯಿಂದ ಬಂದ ಫ್ಲಾಪಿಯನ್ನು ಬೆಳಕಿಗೆ ಹಿಡಿದು ಅದರ ಹೊದಿಕೆಯ ಕಿಟಕಿಯಲ್ಲಿ ಇಣುಕಿದರೆ ಕಂದು ತಟ್ಟೆಯ ಮೇಲೆ ಮಂಜಿನಂಥ ಬಿಳಿ ಮಚ್ಚೆಗಳು ಕಾಣುತ್ತವೆ. ಬೂಷ್ಟು. ಅದನ್ನು ಹಾಗೇ ಡ್ರೈವಿಗೆ ಹಾಕಿದರೆ ಹೆಡ್ಡು ಬೂಷ್ಟನ್ನು ಕೆರೆದು, ಅದರ ಜತೆ ಆಕ್ಸೈಡನ್ನೂ ಕೆರೆದು, ಮುಂದಿನ ಫ್ಲಾಪಿಯ ಮೇಲೂ ಗೀರು ಎಳೆಯುತ್ತದೆ. ಹೊದಿಕೆಯ ಅಂಚು ಸೀಳಿ, ತಟ್ಟೆಯನ್ನು ಹೊರತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ನೂಲೇಳದ ಬಟ್ಟೆಯಿಂದ ಒತ್ತದೆ ಒರೆಸಿ, ಒಣಗಿಸಿ, ಖಾಲಿ ಮಾಡಿದ ಬೇರೊಂದು ಒಳ್ಳೆಯ ಹೊದಿಕೆಗೆ ಸೇರಿಸಿ ಓದಬೇಕು. ಒರೆಸುವಾಗ ಬಟ್ಟೆಗೆ ಕಂದು ಬಣ್ಣ ಹತ್ತಿದರೆ ಕೂಡಲೇ ನಿಲ್ಲಿಸಿ. ಹೋಗುತ್ತಿರುವುದು ಬೂಷ್ಟಲ್ಲ, ದತ್ತಾಂಶ.

ಬಿಟ್ಟುಗಳು ಬಂದವು. ಕನ್ನಡ ಬಂತೇ? ಇಲ್ಲಿ ಇನ್ನೊಂದು ಗೋಡೆ ಇದೆ. 1990ರ ದಶಕದ ಕನ್ನಡ ಕಡತಗಳು ಮುಖ್ಯವಾಗಿ ಎರಡು ಜಾತಿ. ಭಾರತೀಯ ಲಿಪಿಗಳಿಗೆಂದೇ ಇದ್ದ ಜಿಸ್ಟ್ ಕಾರ್ಡ್ ಹಾಕಿದ ಪಿಸಿಯಲ್ಲಿ ಬರೆದದ್ದಾದರೆ, ಅಕ್ಷರಕ್ಕೊಂದು ಸಂಖ್ಯೆ ಕೊಡುವ ಇಸ್ಕಿ ಸಂಕೇತ. 1991ರ ಭಾರತೀಯ ಮಾನಕ ಅದಕ್ಕಿದೆ, ಅಕ್ಷರಗಳು ಉಚ್ಚಾರದ ಕ್ರಮದಲ್ಲೇ ಇವೆ, ಇಂದು ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತಕ್ಕೆ ತರುವುದು ಸಲೀಸು. ಡಿಟಿಪಿ ತಂತ್ರಾಂಶಗಳಲ್ಲಿ ಬರೆದದ್ದಾದರೆ ಕಡತದಲ್ಲಿ ಇರುವುದು ಅಕ್ಷರವಲ್ಲ, ಅಕ್ಷರದ ಚೂರುಗಳು: ತಲಕಟ್ಟು ಒಂದು, ಕೊಂಬು ಒಂದು, ಒತ್ತು ಒಂದು. ಯಾವ ಚೂರಿಗೆ ಯಾವ ಸಂಖ್ಯೆ ಅನ್ನುವುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಕ್ರಮವೂ ಕಣ್ಣಿಗೆ ಕಾಣುವ ಕ್ರಮ. ಯೂನಿಕೋಡ್‌ನಲ್ಲಿ ‘ಸೂರ್ಯ’ ಎಂದು ಬರೆದರೆ ರಕಾರ ಯಕಾರಕ್ಕೆ ಮೊದಲು ಬರುತ್ತದೆ. ಚೂರುಗಳ ಕಡತದಲ್ಲಿ ಮೊದಲು ಯಕಾರ, ಆಮೇಲೆ ಅರ್ಕಾವತ್ತು. ಪರಿವರ್ತಕ ತಂತ್ರಾಂಶ ಇದನ್ನೆಲ್ಲ ಹಿಂದುಮುಂದು ಮಾಡಿ ಜೋಡಿಸುತ್ತದೆ. ನುಡಿ, ಬರಹ ತಂತ್ರಾಂಶಗಳ ಕಡತಗಳಿಗೆ ಒಳ್ಳೆಯ ಪರಿವರ್ತಕಗಳಿವೆ. ಮರೆತುಹೋದ ಫಾಂಟಿನದಾದರೆ ಆ ಫಾಂಟ್ ಕಡತವೇ ಬೇಕು.

ಆ ಫಾಂಟ್ ಎಲ್ಲಿರುತ್ತದೆ? ಲೇಖಕರ ಮನೆಯ ಫ್ಲಾಪಿಯಲ್ಲಂತೂ ಇರುವುದಿಲ್ಲ. ಅದು ಇರುವುದು ಮುದ್ರಣಾಲಯದ ಪಿಸಿಯ ಹಾರ್ಡ್ ಡಿಸ್ಕಿನಲ್ಲಿ, ಅಂದರೆ ನಾನು ಕೈಯಲ್ಲಿ ಹಿಡಿದು ತೋರಿಸಿದಂಥ ಡ್ರೈವಿನಲ್ಲಿ. ಕವಿಯ ಹಸ್ತಪ್ರತಿಗೆ, ಫ್ಲಾಪಿಗೆ ಗೌರವ ಕೊಡುವ ಸಂಸ್ಥೆಗಳು ಡಿಟಿಪಿ ಅಂಗಡಿಯ ಡಬ್ಬವನ್ನು ಗುಜರಿಗೆ ಹಾಕುತ್ತವೆ. ಇದು ನನ್ನ ದೊಡ್ಡ ತಕರಾರು. ಆ ಡಬ್ಬ ಇಲ್ಲದಿದ್ದರೆ ಈ ಫ್ಲಾಪಿ ಬರಿಯ ಬಾಲ-ಕೊಂಬು ಮೂಡಿದ ಲ್ಯಾಟಿನ್ ಅಕ್ಷರಗಳ ಸಂತೆ.

ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳು.

ಓದದ ಹಾರ್ಡ್ ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುತ್ತಾರಲ್ಲ, ನಿಜವೇ ಎಂದು ಒಬ್ಬರು ಕೇಳಿದರು. ಒಂದು ಕಾಲದಲ್ಲಿ ಕೆಲವರಿಗೆ ಕೆಲಸ ಮಾಡಿರಬಹುದು. ಹೊರತೆಗೆದ ಕೂಡಲೇ ನಮ್ಮ ಹವೆಯ ತೇವ ತಣ್ಣನೆಯ ತಟ್ಟೆಯ ಮೇಲೆ ಹನಿಗಟ್ಟುತ್ತದೆ, ಅದರ ಮೇಲೆ ಅರ್ಧ ಮೈಕ್ರಾನಿಗೂ ಕಡಿಮೆ ಎತ್ತರದಲ್ಲಿ ಹೆಡ್ಡು ಹಾರಬೇಕು. ಮಂಗಳೂರಿನಲ್ಲಿ ಕೂತು ಈ ಸಾಹಸ ಮಾಡಬೇಡಿ. ಬೆಂಗಳೂರಿನಲ್ಲೂ ಬೇಡ.

ಈಗಿನ ಟೆರಾಬೈಟ್ ಡ್ರೈವ್‌ಗಳಿಗೂ ಇದೇ ವಿಧಾನವೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅಲ್ಲಮ್ಮ. ಅವುಗಳಲ್ಲಿ ಕಂಟ್ರೋಲರ್ ಡ್ರೈವಿನ ಒಳಗೇ ಇದೆ, ಆಯಾ ಹೆಡ್ಡಿಗೆ ಹೊಂದಿಸಿದ ಅಂಕಿಗಳು ಆಯಾ ಬೋರ್ಡಿನಲ್ಲೇ ಇರುತ್ತವೆ, ಮಿಡಿತ ನಮ್ಮ ಕೈಗೆ ಸಿಗುವುದೇ ಇಲ್ಲ. ಮುಚ್ಚಳವನ್ನಂತೂ ತೆಗೆಯಲೇಬೇಡ. ದತ್ತಾಂಶ ಬೇಕೇ ಬೇಕಾದರೆ ಅದೇ ವೃತ್ತಿಯವರ ಹತ್ತಿರ ಹೋಗುವುದು ಒಳ್ಳೆಯದು.

ಮನೆಯಲ್ಲಿ ಅಪ್ಪನ ಕಾಲದ ಫ್ಲಾಪಿಗಳಿವೆ, ಯುಎಸ್‌ಬಿ ಫ್ಲಾಪಿ ಡ್ರೈವ್ ಕೊಂಡರೆ ಸಾಕೇ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಮೂರೂವರೆ ಇಂಚಿನವಾಗಿದ್ದು, ಡಾಸ್‌ನಲ್ಲಿ ಬರೆದವಾಗಿದ್ದು, ಆರೋಗ್ಯವಾಗಿದ್ದರೆ ಸಾಕು. ಐದೂಕಾಲು ಇಂಚಿಗೆ ಅಂಥ ಡ್ರೈವ್ ಇಲ್ಲ. ಕೆಟ್ಟ ಸೆಕ್ಟರ್ ಬಂದರೆ ಅದು ಎರರ್ ಎಂದು ಸುಮ್ಮನಾಗುತ್ತದೆ, ಒಳಗಿನ ಮಿಡಿತ ತೋರಿಸುವುದಿಲ್ಲ. ಹಾಗಾಗಿ ಹಳೆಯ ಪಿಸಿಯಿಂದ ಬಿಚ್ಚಿದ ಮಾಮೂಲಿ ಡ್ರೈವ್ ಮತ್ತು ಒಂದು ಗ್ರೀಸ್‌ವೀಝಲ್ ಹಲಗೆ ಇಟ್ಟುಕೊಳ್ಳಿ. ಫ್ಲಾಪಿ ಹಾಕುವ ಮೊದಲು ಮಾತ್ರ ಬರೆಯದಂತೆ ಬೀಗ ಹಾಕಿ: ಮೂರೂವರೆ ಇಂಚಿನದರಲ್ಲಿ ಮೂಲೆಯ ಗುಂಡಿ ಸರಿಸಿ ತೂತು ತೆರೆದಿಡಬೇಕು, ಐದೂಕಾಲು ಇಂಚಿನದರಲ್ಲಿ ಅಂಚಿನ ಕಚ್ಚನ್ನು ಚೀಟಿ ಅಂಟಿಸಿ ಮುಚ್ಚಬೇಕು. ಎಂಟು ಇಂಚಿನದೇನಾದರೂ ಇದ್ದರೆ ಹುಷಾರ್, ಅದರಲ್ಲಿ ಲೆಕ್ಕ ತಿರುಗುಮುರುಗು. ಕಚ್ಚು ತೆರೆದಿದ್ದರೇನೇ ಬೀಗ.